ಕಲಬುರಗಿಗೆ ಕೂತು ಹೋದ ದಾರಿ

ಕಲಬುರಗಿ ನಮ್ಮೂರಿಗೆ ದೂರವಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಯಾವ ತಿಂಗಳಲ್ಲಿ? ಈಗ ಮೊಮ್ಮಕ್ಕಳು ಬೆಳಿಗ್ಗೆ ಚಹಾ ಕುಡಿದು ಹೊರಟವರು ಅಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಫೋನು ಮಾಡುತ್ತಾರೆ, ಮುಟ್ಟಿದೆವು ಎಂದು. ಚಹಾದ ಲೋಟ ನಾನಿನ್ನೂ ತೊಳೆದಿರುವುದಿಲ್ಲ. ನನ್ನ ಹರೆಯದಲ್ಲಿ ಭಾದ್ರಪದದ ಮಳೆ ಹಿಡಿಯಿತೆಂದರೆ ಎರೆ ಹೊಲಗಳ ನಡುವಿನ ದಾರಿಯಲ್ಲಿ ಎತ್ತಿನ ಗಾಡಿ ಅಚ್ಚಿನವರೆಗೆ ಹೂತು ನಿಲ್ಲುತ್ತಿತ್ತು. ಎತ್ತುಗಳು ತಿರುಗಿ ನಮ್ಮ ಮುಖ ನೋಡುತ್ತಿದ್ದವು, ಈ ಬುದ್ಧಿ ನಿಮಗೆ ಯಾರು ಕೊಟ್ಟರು ಎಂದು ಕೇಳುವ ಹಾಗೆ. ಆ ತಿಂಗಳಲ್ಲಿ ನಮಗೆ ಕಲಬುರಗಿಯೂ ಕಾಶಿಯೂ ಒಂದೇ ದೂರ.

ನನ್ನ ತವರು ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಯ ಸೊನ್ನ. ಕೊಟ್ಟದ್ದು ಆಳಂದ ತಾಲ್ಲೂಕಿಗೆ, ಕಿಣ್ಣಿ ಸುಲ್ತಾನದ ಕಡೆಯ ಒಂದು ಸಣ್ಣ ಹಳ್ಳಿಗೆ. ನಾನು ಹೇಳುತ್ತಿರುವುದು ಹಿಂದೂಸ್ಥಾನಕ್ಕೆ ಸ್ವಾತಂತ್ರ್ಯ ಬಂದು ನಮಗೆ ಬಾರದೆ ಉಳಿದ ವರ್ಷದ ಮಾತು. ನಿಜಾಮಶಾಹಿ ಇನ್ನೂ ನಡೆದಿತ್ತು. ಹರೆಯದ ಗಂಡಸರು ಎಷ್ಟೋ ಜನ ಸರಹದ್ದು ದಾಟಿ ಸೊಲ್ಲಾಪುರದ ಸೀಮೆಗೆ ಹೋಗಿದ್ದರು. ನನ್ನ ಗಂಡನೂ ಅಲ್ಲೇ ಇದ್ದ. ಯಾರು ಯಾಕೆ ಹೋದರು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಉಳಿದವರು ನಾನು, ನಾಲ್ಕು ತಿಂಗಳ ಮಗಳು, ಮತ್ತು ನನ್ನ ಅತ್ತೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಅತ್ತೆ ಎರಡೂ ಕಾಲಗಳನ್ನು ತಾನೇ ಇಟ್ಟುಕೊಂಡಿದ್ದ ಹೆಂಗಸು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವಳಲ್ಲ. ಒಳ್ಳೆಯ ಮಾತನ್ನೂ ಬೈಗುಳದ ದನಿಯಲ್ಲೇ ಆಡುತ್ತಿದ್ದಳು. ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗೆ ಇರುತ್ತಿತ್ತು. ನಾನೂ ಕಡಿಮೆಯವಳಲ್ಲ. ನಮ್ಮಿಬ್ಬರ ನಡುವೆ ಮಡಕೆಗಳು ಎಷ್ಟು ಒಡೆದವೋ ಕುಂಬಾರನಿಗೇ ಗೊತ್ತು.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಜ್ವರದ ಹಿಂದೆ ಎಡ ಪಕ್ಕೆಯಲ್ಲಿ ಚುಚ್ಚು, ಚುಚ್ಚಿನ ಹಿಂದೆ ಏದುಸಿರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತರೆ ಅಷ್ಟಿಷ್ಟು ಸಿಗುತ್ತಿತ್ತು. ಕಷಾಯ, ಕಾವು, ಹರಕೆ ಎಲ್ಲ ಮುಗಿದ ಮೇಲೆ ಆಳಂದದಿಂದ ಡಾಕ್ಟರು ಕುದುರೆಯ ಮೇಲೆ ಬಂದರು. ಕಣಜ ಎಷ್ಟು ತುಂಬಿದೆ ಎಂದು ತಟ್ಟಿ ನೋಡುತ್ತಾರಲ್ಲ, ಹಾಗೆ ನನ್ನ ಬೆನ್ನನ್ನು ಬೆರಳಿನಿಂದ ತಟ್ಟಿದರು.

“ಎದಿಯಾಗ ನೀರ್ ತುಂಬ್ಯಾವ. ಸೂಜಿ ಹಾಕಿ ತಗೀಬೇಕು. ಅದು ಕಲಬುರ್ಗಿ ದವಾಖಾನ್ಯಾಗ ಆಗ್ತದ, ನನ್ನ ಕಡಿಂದ ಆಗಂಗಿಲ್ಲ. ಜಲ್ದಿ ಒಯ್ರಿ. ದಾರ್‍ಯಾಗ ಮಲಗಸಬ್ಯಾಡ್ರಿ, ಉಸಿರು ಕಟ್ಟತದ. ಕೂಸಿನ್ನ ಆಕಿ ಹತ್ರ ಬಿಡಬ್ಯಾಡ್ರಿ,” ಎಂದರು.

ಕೂಸನ್ನು ಅತ್ತೆ ಅದಕ್ಕೂ ಮೊದಲೇ ನನ್ನಿಂದ ದೂರ ಇಟ್ಟಿದ್ದಳು. ಪಡಸಾಲೆಯಲ್ಲಿ ಅದಕ್ಕೆ ಒಳಲೆಯಲ್ಲಿ ಆಡಿನ ಹಾಲು ಕುಡಿಸುತ್ತಿದ್ದಳು. ಅದು ಅತ್ತರೆ ನನ್ನ ಕಿವಿಗೆ ಬೀಳುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ರೋಗದ ನೋವಿಗಿಂತ ಅದೇ ನನಗೆ ಹೆಚ್ಚಾಗಿತ್ತು.

ಗಾಡಿ ಹೋಗದ ದಾರಿಯಲ್ಲಿ ರೋಗಿಯನ್ನು ಒಯ್ಯುವುದಕ್ಕೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಹೊರಸಿಗೆ, ಅಂದರೆ ಹಗ್ಗದ ಮಂಚಕ್ಕೆ, ಎರಡು ಗಳ ಕಟ್ಟಿ ಊರಿನವರು ಹೊರುತ್ತಿದ್ದರು. ತಮ್ಮ ಊರಿನ ಸೀಮೆ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು ಕೂಗು ಹಾಕುತ್ತಿದ್ದರು. ಮುಂದಿನ ಊರಿನವರು ಹೊಲದಲ್ಲಿದ್ದರೆ ಹೊಲದಿಂದ, ಮನೆಯಲ್ಲಿದ್ದರೆ ಮನೆಯಿಂದ ಬಂದು ಹೆಗಲು ಕೊಡಬೇಕು. ಹೊರಸು ನೆಲ ಮುಟ್ಟುವ ಹಾಗಿಲ್ಲ, ಹೆಗಲಿನಿಂದ ಹೆಗಲಿಗೇ ಹೋಗಬೇಕು. ಯಾರ ಮನೆಯವರು, ಯಾವ ಜಾತಿ ಎಂದು ಕೇಳುವುದು ಹೊರಸು ದಾಟಿದ ಮೇಲೆ. ಬಾವಿಯ ನೀರಿಗೆ ನೂರು ಕಟ್ಟಳೆ ಮಾಡಿಕೊಂಡ ಜನ ಈ ಒಂದು ಕೆಲಸದಲ್ಲಿ ಮಾತ್ರ ಒಂದು ಕಟ್ಟಳೆಯನ್ನೂ ಇಟ್ಟುಕೊಂಡಿರಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ.

ಮರುದಿನ ನಸುಕಿನಲ್ಲಿ ನನ್ನನ್ನು ಹೊರಡಿಸಿದರು. ಕಡಗಂಚಿಯವರೆಗೆ ಹೊತ್ತು, ಅಲ್ಲಿ ಸಡಕಿನ ಮೇಲೆ ಆಳಂದದಿಂದ ಬರುವ ಮೋಟಾರು ಹಿಡಿದು ಕಲಬುರಗಿಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ಮಲಗಿಸುವಂತಿಲ್ಲವಲ್ಲ, ಹೊರಸಿನ ಮೇಲೆ ಬಿದಿರಿನ ತಟ್ಟಿಯೊಂದನ್ನು ಎತ್ತಿ ಕಟ್ಟಿ ಅದಕ್ಕೆ ನನ್ನನ್ನು ಒರಗಿಸಿ ಕೂಡಿಸಿದರು. ಬೀಳದ ಹಾಗೆ ಎದೆಗೆ ಶಾಲು ಸುತ್ತಿ ತಟ್ಟಿಗೆ ಬಿಗಿದರು. ಕತ್ತು ವಾಲುತ್ತಿತ್ತು, ಹಣೆಯ ಮೇಲಿಂದ ಒಂದು ಬಟ್ಟೆ ತಂದು ಅದನ್ನೂ ಹಿಂದಕ್ಕೆ ಕಟ್ಟಿದರು. ಹೊರಡುವಾಗ ಅತ್ತೆ ದೇವರ ಮಾಡದಿಂದ ವಿಭೂತಿ ತಂದು ನನ್ನ ಹಣೆಗೆ, ತೋಳಿಗೆ, ಕುತ್ತಿಗೆಗೆ ಧಾರಾಳವಾಗಿ ಬಳಿದಳು. ಕೂಸನ್ನು ಜೋಳಿಗೆ ಮಾಡಿ ತನ್ನ ಬಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಹೊರಸಿನ ಪಕ್ಕಕ್ಕೆ ನಡೆದಳು.

ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ಊರು ದಾಟುವಾಗ ಒಬ್ಬ ಮುದುಕಿ ಸೆರಗಿನಲ್ಲಿ ಹೂವು ಕಟ್ಟಿಕೊಂಡು ಕೆಸರಿನಲ್ಲಿ ಓಡಿ ಬಂದಳು. ಹೊರಸಿನ ಮುಂದೆ ನಿಂತು ನನ್ನ ಪಾದಕ್ಕೆ ಹಣೆ ಹಚ್ಚಿ, “ಏನ್ ಪುಣ್ಯಾ ಮಾಡಿತ್ತೋ ಜೀವ, ಮುತ್ತೈದಿ ಆಗಿ ಹೊಂಟಾಳ,” ಎಂದು ಅಳತೊಡಗಿದಳು.

ಆಗ ಗೊತ್ತಾಯಿತು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಕತ್ತು ವಾಲದ ಹಾಗೆ ಹಿಂದಕ್ಕೆ ಕಟ್ಟಿ, ಹೆಗಲ ಮೇಲೆ ಎತ್ತಿಕೊಂಡು ಹೋಗುತ್ತಾರೆ. ನನ್ನ ಅಲಂಕಾರದಲ್ಲಿ ಹೂವಿನ ಹಾರ ಒಂದು ಕಡಿಮೆ ಇತ್ತು, ಅದನ್ನು ಆ ಮುದುಕಿ ತಂದಿದ್ದಳು.

“ಯವ್ವಾ, ನಾ ಇನ್ನಾ ಇದ್ದೇನ್ರಿ,” ಎಂದೆ, ಇದ್ದ ಉಸಿರೆಲ್ಲ ಸೇರಿಸಿ.

ಮುದುಕಿ ಚೀರಿ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ಹೊತ್ತವರು ನಕ್ಕು ಹೊರಸು ಅಲ್ಲಾಡಿತು. ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಕಣ್ಣು ಕತ್ತಲೆ ಬಂತು. ಮುಂದೆ ಯಾರೂ ನಗಲಿಲ್ಲ.

ಕಡಗಂಚಿ ಮುಟ್ಟಿ ಸಡಕಿನ ಬದಿಯ ಬೇವಿನ ಮರದ ಕೆಳಗೆ ನಿಂತೆವು. ನಿಂತೆವು ಎಂದರೆ ಅವರು ನಿಂತರು, ನಾನು ಅವರ ಹೆಗಲ ಮೇಲೆ ಕೂತಿದ್ದೆ. ಆ ವರ್ಷ ಪೆಟ್ರೋಲು ಸಿಕ್ಕ ದಿನ ಮಾತ್ರ ಮೋಟಾರು ಓಡುತ್ತಿತ್ತು. ಇವತ್ತು ಬರುತ್ತದೆ ಎಂದು ಕಡಗಂಚಿಯವರು ಖಾತ್ರಿ ಹೇಳಿದರು. ಹೇಳಿದ ಹಾಗೆ ಬಂತು ಕೂಡ. ದೂರದಿಂದಲೇ ನಮ್ಮವರು ಕೈ ಎತ್ತಿದರು.

ಮೋಟಾರು ನಿಧಾನವಾಯಿತು. ಡ್ರೈವರ್ ಸಾಹೇಬ ನಮ್ಮ ಕಡೆ ನೋಡಿ ತಲೆಯ ಟೊಪ್ಪಿಗೆ ತೆಗೆದ. ಒಳಗಿದ್ದ ಜನ ಕೈ ಮುಗಿದರು. ಒಬ್ಬ ಹೆಂಗಸು ಅತ್ತೆಯ ಬಗಲಿನ ಕೂಸನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಟೊಪ್ಪಿಗೆ ತಲೆಗೆ ಹೋಯಿತು, ಮೋಟಾರು ಮುಂದಕ್ಕೆ ಹೋಯಿತು.

ನಮ್ಮವರು ಕೂಗಿದರು. ಅತ್ತೆ ಸಡಕಿನ ನಡುವೆ ಓಡಿದಳು, ತುರುಬು ಬಿಚ್ಚಿ ಬೆನ್ನಿಗೆ ಬಿತ್ತು, ಕೂಸು ಅಳುತ್ತಿತ್ತು, ಆಕೆ ಎರಡೂ ಕೈ ಮೇಲೆತ್ತಿ ನಿಲ್ಲಿಸ್ರೋ ಎಂದು ಒದರುತ್ತಿದ್ದಳು. ಹೆಣದ ಮುಂದೆ ತಲೆ ಬಿಚ್ಚಿ ಒದರುವ ಹೆಂಗಸನ್ನು ಕಂಡು ಯಾರು ತಾನೆ ಏನು ತಿಳಿದುಕೊಂಡಾರು? ಆಕೆ ಓಡಿದಷ್ಟೂ ಅದು ಸಾವಿನ ಮನೆಯ ಹಾಗೆಯೇ ಕಂಡಿತು. ಮೋಟಾರು ತಿರುವಿನಲ್ಲಿ ಮರೆಯಾಯಿತು.

ಇನ್ನೊಂದು ಮೋಟಾರು ಎಂದು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ನನ್ನ ಉಗುರುಗಳು ನೀಲಿಯಾಗಿದ್ದವು. ನಾಳೆಯವರೆಗೆ ನಾನು ಇರುವುದಿಲ್ಲ ಎಂದು ನನಗೂ ತಿಳಿದಿತ್ತು, ಅತ್ತೆಗೂ ತಿಳಿದಿತ್ತು. ಹೆದರಿಕೆಗಿಂತ ನನಗೆ ಸಿಟ್ಟೇ ಬಂತು. ಸಾಯುವುದಾದರೆ ಸಾಯೋಣ, ಆದರೆ ಮೊದಲೇ ನಮಸ್ಕಾರ ಮಾಡಿಸಿಕೊಂಡು ಆಮೇಲೆ ಸಾಯುವುದೇ?

ಕಡಗಂಚಿಯ ಹಿರಿಯನೊಬ್ಬ ಟವೆಲು ಸುತ್ತಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. “ಮೋಟಾರ್ ಹ್ವಾದ್ರ ಹೋಗ್ಲಿ. ಹೆಗಲು ಎಲ್ಲಿ ಹೋಗ್ಯಾವ? ಎತ್ರಿ, ಕಲಬುರ್ಗಿ ತನಾ ಊರ್ ಅವ,” ಎಂದ. ಮತ್ತೆ ಅತ್ತೆಯ ಕಡೆ ತಿರುಗಿ ದನಿ ಇಳಿಸಿದ. “ಆದ್ರ ಅವ್ವಾ, ಈ ಇಬತ್ತಿ ಅಷ್ಟು ಒರಸ್ರಿ. ಮುಂದಿನ ಊರಾಗೂ ಹಿಂಗೇ ಆಗ್ತದ.”

“ಇಬತ್ತಿ ಒರಸಾಕ ಆಕಿ ಏನ್ ಪಾಪ ಮಾಡ್ಯಾಳ?” ಎಂದಳು ಅತ್ತೆ. ತಲೆ ಹೋದರೂ ಆಕೆ ವಿಭೂತಿ ಒರೆಸುವವಳಲ್ಲ. ಕೂಸಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಡಾಕ್ಟರ ಮಾತು ಆಕೆಗೆ ನೆನಪಿತ್ತು. ಆಮೇಲೆ ಜೋಳಿಗೆ ಬಿಚ್ಚಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟು ಅದನ್ನೂ ಶಾಲಿನೊಳಗೆ ಸುತ್ತಿದಳು.

“ಹೆಣದ ತೊಡಿ ಮ್ಯಾಲ ಯಾವ ಹುಚ್ಚಿ ಕೂಸು ಇಡ್ತಾಳ? ಈಗ ನೋಡ್ಲಿ ಯಾರ್ ಕೈ ಮುಗಿತಾರ,” ಎಂದಳು. ನನಗೆ, “ಬೇ, ಗಟ್ಟಿ ಹಿಡಿ. ಮಾರಿ ಆ ಕಡಿ ಮಾಡಿ ಕೆಮ್ಮು,” ಎಂದಳು.

ಅಷ್ಟು ದಿನಗಳ ಮೇಲೆ ಮಗು ನನ್ನ ಕೈಗೆ ಬಂತು. ಅದರ ತಲೆಯ ವಾಸನೆ ಮೂಗಿಗೆ ಬಡಿಯಿತು. ನಾನು ಬದುಕಬೇಕು ಎಂದು ಆ ದಿನ ಮೊದಲ ಸಲ ಹಟ ಹಿಡಿದದ್ದು ಅಲ್ಲಿ, ಆ ಬೇವಿನ ಮರದ ಕೆಳಗೆ.

ಹೊರಟೆವು. ಒಂದೊಂದು ಸೀಮೆಯಲ್ಲೂ ಕೂಗು, ಒಂದೊಂದು ಸೀಮೆಯಲ್ಲೂ ಹೊಸ ಹೆಗಲು. ನೆಲಗಡಲೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಕೈಯ ಕುರ್ಪಿ ಬದುವಿಗೆ ಚುಚ್ಚಿ ಬಂದರು. ಒಬ್ಬ ಉಣ್ಣುತ್ತಿದ್ದವನು ರೊಟ್ಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಹೆಗಲು ಕೊಟ್ಟು, ಹೊರಸು ಹೊತ್ತೇ ಅದನ್ನು ತಿಂದು ಮುಗಿಸಿದ. ಮಳೆ ಹನಿಯಿತು, ಯಾರೋ ತಮ್ಮ ಕಂಬಳಿಯ ಕೊಪ್ಪೆಯನ್ನು ನನ್ನ ಮೇಲೆ ಹಾಕಿದರು. ಆ ಕಂಬಳಿ ನನ್ನ ಜೊತೆಗೇ ಬಂದುಬಿಟ್ಟಿತು. ಅದು ಯಾರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಊರಿನ ಸೀಮೆಯಲ್ಲಿ ಎಷ್ಟು ಕೂಗಿದರೂ ಗಂಡಸರು ಬರಲಿಲ್ಲ. ಇದ್ದರಲ್ಲವೆ ಬರುವುದಕ್ಕೆ, ಅವರೂ ಸರಹದ್ದಿನ ಆಚೆ ಇದ್ದರು. ಬಂದವರು ಹೆಂಗಸರು. ಕಚ್ಚೆ ಬಿಗಿದು, ಸೆರಗನ್ನು ಸಿಂಬೆ ಮಾಡಿ ಹೆಗಲಿಗಿಟ್ಟು, ನೀರಿನ ಕೊಡ ಎತ್ತಿದಷ್ಟು ಸಹಜವಾಗಿ ಗಳ ಎತ್ತಿಕೊಂಡರು. ಅವರ ನಡಿಗೆಯಲ್ಲಿ ಹೊರಸು ಅಲುಗಲಿಲ್ಲ. ನನ್ನ ಮಗಳು ಅಲ್ಲೇ ನಿದ್ದೆ ಹೋದಳು.

ಅವರ ಹೆಗಲ ಮೇಲೆ ಇದ್ದಾಗಲೇ ಎದುರಿನಿಂದ ಮೋಟಾರು ಬಂತು. ಮುಂಜಾನೆಯದೇ ಮೋಟಾರು, ಕಲಬುರಗಿ ಮುಟ್ಟಿ, ಜನ ತುಂಬಿಕೊಂಡು ಆಳಂದಕ್ಕೆ ವಾಪಸು ಹೊರಟಿತ್ತು. ಈ ಸಲ ಅದು ದೂರದಲ್ಲೇ ನಿಂತಿತು. ಡ್ರೈವರ್ ಸಾಹೇಬ ಇಳಿದು ನಡೆದು ಬಂದ. ಹೊತ್ತ ಹೆಂಗಸರನ್ನು ನೋಡಿದ, ಕೂಸನ್ನು ನೋಡಿದ, ನನ್ನ ಕಣ್ಣು ನೋಡಿದ.

“ಅವ್ವಾರ, ಈಕಿ ಜೀಂವಂತ ಅದಾಳೇನ್ರಿ?”

“ಮುಂಜಾನಿನೂ ಇದ್ಳೋ ಯಪ್ಪಾ. ನೀ ಟೊಪಿಗಿ ತಗದು ಹ್ವಾದಿ,” ಎಂದಳು ಅತ್ತೆ.

ಅವನ ಮುಖ ಸಣ್ಣದಾಯಿತು. “ಮಾಫ್ ಮಾಡ್ರಿ ಅವ್ವಾರ. ಕುಂತದ್ದು ನೋಡಿ ಮಯ್ಯತ್ ಅನ್ಕೊಂಡೆ. ಈಗ ಹೆಣ್ಮಕ್ಳು ಹೊತ್ತದ್ದು ನೋಡಿ ಗಾಡಿ ನಿಲ್ಲಿಸಿದೆ. ಹೆಣ ಹೆಣ್ಮಕ್ಳು ಹೊರಂಗಿಲ್ಲಲ್ರಿ.” ತನ್ನ ಕೂಸಿನ ಉಪಾಯ ಫಲಿಸಿತು ಎಂದುಕೊಂಡಿದ್ದ ಅತ್ತೆಗೆ ಈ ಮಾತು ರುಚಿಸಲಿಲ್ಲ. ಅದು ಕೂಸನ್ನು ನೋಡಿಯೇ ನಿಂತದ್ದು ಎಂದು ಸಾಯುವವರೆಗೂ ವಾದ ಮಾಡಿದಳು.

ಅವನು ಮೋಟಾರಿನ ಬಾಗಿಲಿಗೆ ಹೋಗಿ ಒಳಗಿನ ಜನರಿಗೆ ಹೇಳಿದ್ದು ನನಗೆ ಕೇಳಿಸಿತು. “ಗಾಡಿ ಹೊಳ್ಳಸಿ ಕಲಬುರ್ಗಿಗಿ ಒಯ್ಯಬೇಕಂತ ಮಾಡೇನಿ. ಆದ್ರ ಪೆಟ್ರೋಲ್ ಆಳಂದ ಮುಟ್ಟೂ ಅಷ್ಟೇ ಅದ. ಹೊಳ್ಳಿದ್ರ ಇವತ್ತು ಮತ್ತ ಬರಾಕ ಆಗಂಗಿಲ್ಲ. ಯಾರ್ದರೇ ತಕರಾರ್ ಅದ ಏನ್ರಿ?”

ಆ ಜನರಿಗೆ ಮನೆ ಎಷ್ಟು ದೂರ ಎಂದು ಚೆನ್ನಾಗಿ ಗೊತ್ತಿತ್ತು. ಮಳೆ ಹಿಡಿದಿತ್ತು, ಕೈಯಲ್ಲಿ ಗಂಟುಗಳಿದ್ದವು. ಮುದುಕರಿದ್ದರು, ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು, ಎಣ್ಣೆಯ ಡಬ್ಬಿಗಳ ಜೊತೆ ಒಬ್ಬ ವ್ಯಾಪಾರಿ ಇದ್ದ. ಇಂಥ ಕಡೆ ಒಬ್ಬರಾದರೂ ಗೊಣಗುತ್ತಾರೆ; ನಾನಾಗಿದ್ದರೆ ಗೊಣಗುತ್ತಿದ್ದೆ. ಒಬ್ಬ ಅಜ್ಜ ಆಗಲೇ ಕೋಲು ಊರಿ ಕೆಳಗಿಳಿಯುತ್ತಿದ್ದ. “ತಕರಾರ್ ಏನ್ ಬಂತು ಸಾಹೇಬ, ನಮ್ಗ ಕಾಲ್ ಅವ,” ಎಂದ. ಅವನ ಹಿಂದೆ ಎಲ್ಲರೂ ಇಳಿದರು. ವ್ಯಾಪಾರಿ ಡಬ್ಬಿಗಳನ್ನು ಇಳಿಸುವುದಕ್ಕೆ ಹೊತ್ತು ಹಿಡಿಯುತ್ತದೆಂದು ಅವನ್ನು ಮೋಟಾರಿನ ಮೇಲೆಯೇ ಬಿಟ್ಟ. ಹೊಸ ಮದುಮಗಳು ತಾನು ಕೂತಿದ್ದ ಸೀಟಿನ ಮೇಲೆ ತನ್ನ ದುಪ್ಪಟಿ ಹಾಸಿ ನನ್ನನ್ನು ಹಿಡಿದು ಕೂಡಿಸಿದಳು. ಯಾರೋ ಅತ್ತೆಯ ಮಡಿಲಿಗೆ ಬಾಳೆಹಣ್ಣು ಹಾಕಿದರು. ಮೋಟಾರು ಹೊಳ್ಳಿದಾಗ ಅವರೆಲ್ಲ ಮಳೆಯಲ್ಲಿ ಸಡಕಿನ ಬದಿಗೆ ನಿಂತಿದ್ದರು. ಈ ಸಲ ಯಾರೂ ಕೈ ಮುಗಿಯಲಿಲ್ಲ, ಕೈ ಬೀಸಿದರು.

ದವಾಖಾನೆಯಲ್ಲಿ ಸೂಜಿ ಹಾಕಿ ನೀರು ತೆಗೆದರು. ಅದನ್ನು ನಾನು ವಿವರಿಸುವುದಿಲ್ಲ, ನೋಡಿದ ಅತ್ತೆಯೇ ಗೋಡೆ ಹಿಡಿದುಕೊಂಡಳು. ಕೂಸನ್ನು ರೋಗಿಯ ತೊಡೆಯ ಮೇಲೆ ಕೂಡಿಸಿಕೊಂಡು ತಂದದ್ದಕ್ಕೆ ಡಾಕ್ಟರು ಆಕೆಯನ್ನು ಬೈದರು. ಜೀವಮಾನದಲ್ಲಿ ತಿರುಗಿ ಮಾತಾಡದೆ ಆಕೆ ಬೈಸಿಕೊಂಡದ್ದು ಅದೊಂದೇ ಸಲ. ದೇವರ ದಯೆ, ಮಗಳಿಗೆ ಏನೂ ಆಗಲಿಲ್ಲ.

ನಾನು ಅಲ್ಲಿದ್ದ ದಿನಗಳಲ್ಲಿ ಒಂದು ಮಾತು ಕಂಡುಕೊಂಡೆ. ಆ ಹೆಂಗಸರ ವಾರ್ಡಿನಲ್ಲಿ ಹೊಸಬರು ಬಂದರೆ ಏನು ರೋಗ ಎಂದು ಯಾರೂ ಮೊದಲು ಕೇಳುತ್ತಿರಲಿಲ್ಲ, ಹೇಗೆ ಬಂದಿರಿ ಎಂದು ಕೇಳುತ್ತಿದ್ದರು. ನನ್ನ ಪಕ್ಕದವಳು ಜೇವರ್ಗಿಯ ಕಡೆಯವಳು. ತುಂಬಿದ ಭೀಮೆಯಲ್ಲಿ ಅವಳನ್ನು ಹರಗೋಲಿನಲ್ಲಿ ದಾಟಿಸಿದ್ದರು, ಅವಳ ಅಣ್ಣ ಹರಗೋಲು ಹಿಡಿದು ಈಜುತ್ತ ಬಂದಿದ್ದನಂತೆ. ಅಫಜಲಪುರದಿಂದ ಬಂದವಳನ್ನು ಲಾರಿಯಲ್ಲಿ ಹತ್ತಿಯ ಅಂಡಿಗೆಗಳ ಮೇಲೆ ಮಲಗಿಸಿ ತಂದಿದ್ದರು. ಒಬ್ಬೊಬ್ಬಳ ಹಿಂದೆ ಒಂದೊಂದು ಸೀಮೆಯೇ ಇತ್ತು. ಮಂಚದ ಮೇಲೆ ಮಲಗಿದ್ದವಳು ಒಬ್ಬಳೇ ಕಂಡರೂ ಒಬ್ಬಳೇ ಬಂದವಳು ಅಲ್ಲಿ ಯಾರೂ ಇರಲಿಲ್ಲ.

ಆದರೆ ಹೇಳಲೇಬೇಕಾದದ್ದು ಮೊದಲ ದಿನದ ಮರುಮುಂಜಾನೆಯದು. ನಾನು ಎಚ್ಚರಕ್ಕೂ ನಿದ್ದೆಗೂ ನಡುವೆ ಇದ್ದೆ. ಕಿಟಕಿಯ ಹೊರಗೆ ಡ್ರೈವರ್ ಸಾಹೇಬನ ದನಿ ಕೇಳಿಸಿತು. ಅವನಿಗೆ ಪೆಟ್ರೋಲು ಸಿಕ್ಕಿತ್ತು, ಆಳಂದಕ್ಕೆ ಹೊರಟಿದ್ದ.

“ಒಳಗ ಬರಂಗಿಲ್ರಿ ಅವ್ವಾರ, ಹೆಣ್ಮಕ್ಳು ಇರೂ ಜಾಗ. ನಿನ್ನಿ ಇಳದು ನಡದು ಹ್ವಾದ ಮಂದಿ ಇವತ್ತು ಸ್ಟ್ಯಾಂಡಿಗೆ ಬಂದು ನಿಂತಿರ್ತಾರ. ಗಾಡಿ ನಿಲ್ಲೂದಕ್ಕ ನನ್ನ ಕೇಳ್ತಾರ, ಆ ಹೆಣ್ಮಗಳು ಹ್ಯಾಂಗದಾಳ ಅಂತ. ಏನ್ ಖಬರ್ ಹೇಳ್ಲಿ?”

ಅತ್ತೆ ತಿರುಗಿ ನನ್ನನ್ನು ನೋಡುತ್ತಿದ್ದಾಳೆಂದು ಕಣ್ಣು ಮುಚ್ಚಿಯೂ ನನಗೆ ಗೊತ್ತಾಯಿತು. ಸದಾ ಬೈಯುವ ಆಕೆಯ ದನಿಯಲ್ಲಿ ಇಷ್ಟೊಂದು ಅಳು ಎಲ್ಲಿಂದ ಬಂತೋ.

“ಮಲಗ್ಯಾಳ ಅಂತ ಹೇಳೋ ಯಪ್ಪಾ,” ಎಂದಳು. “ಉದ್ದಕ ಕಾಲ್ ಚಾಚಿ ಮಲಗ್ಯಾಳ. ಎಲ್ಲಾರಿಗೂ ಹೇಳು.”